ಸೂಜಿ ಹಾಕಿಸಿದ ಮೇಲಿನ ಎರಡು ದಿನ

ಮಗಳೇ,

ಮರಿಗೆ ಲಸಿಕೆ ಹಾಕಿಸಿದ ರಾತ್ರಿ ಅದು ಸಪ್ಪಗೆ ಮಲಗಿದೆ, ಅನ್ನ ಮೂಸಿ ನೋಡಿ ಹಾಗೇ ಬಿಟ್ಟಿದೆ ಎಂದು ಗಾಬರಿಯಿಂದ ಫೋನ್ ಮಾಡಿದ್ದೆಯಲ್ಲ, ಆಗ ನಿನ್ನ ಸುತ್ತ ಮೂರು ಜನ ಮೂರು ಮದ್ದು ಹೇಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಒಬ್ಬರದು ಅರಿಸಿನ-ಸುಣ್ಣ, ಇನ್ನೊಬ್ಬರದು ಅರ್ಧ ಪ್ಯಾರಾಸಿಟಮಾಲ್, ಮತ್ತೊಬ್ಬರದು ಥೂಜಾ ಎಂಬ ಹೋಮಿಯೋಪಥಿ ಗುಳಿಗೆ. ಪಶು ಆಸ್ಪತ್ರೆಯಲ್ಲಿ ದುಡಿದಷ್ಟು ಕಾಲವೂ ಈ ಮೂರನ್ನೂ ಕೇಳಿಕೊಂಡೇ ಬಂದವನು ನಾನು. ಫೋನಿನಲ್ಲಿ ಅವಸರವಾಗಿ ಹೇಳಿದ್ದನ್ನು ಈಗ ನಿಧಾನವಾಗಿ ಬರೆಯುತ್ತೇನೆ. ನಿನ್ನ ಹಾಗೆ ಮೊದಲ ಸಲ ನಾಯಿ ಸಾಕುತ್ತಿರುವ ಸ್ನೇಹಿತರಿಗೂ ಓದಿ ಹೇಳು.

ಲಸಿಕೆಯ ನಂತರ ಕಾಣುವ ತೊಂದರೆಗಳಲ್ಲಿ ಎರಡು ಬಗೆ. ಒಂದು, ಯಾವ ಮದ್ದೂ ಇಲ್ಲದೆ ತಾನಾಗಿ ಹೋಗುವಂಥದ್ದು. ಇನ್ನೊಂದು, ಮನೆಯಲ್ಲಿರುವ ಯಾವ ಮದ್ದಿಗೂ ಬಗ್ಗದಂಥದ್ದು. ಇವೆರಡರ ನಡುವೆ ಮನೆಮದ್ದಿಗೆ ಉಳಿಯುವ ಜಾಗ ತೀರಾ ಕಡಿಮೆ. ಹಾಗಾಗಿ ಯಾವ ಮದ್ದು ಒಳ್ಳೆಯದು ಎಂದು ಕೇಳುವ ಮೊದಲು ಇದು ಯಾವ ಬಗೆಯದು ಎಂದು ಗುರುತಿಸುವುದನ್ನು ಕಲಿ. ಅದು ಬಂದರೆ ಮಿಕ್ಕಿದ್ದೆಲ್ಲ ಸುಲಭ.

ಮೊದಲ ಬಗೆಯದು ಹೀಗಿರುತ್ತದೆ. ಸೂಜಿ ಹಾಕಿದ ಕೆಲವು ಗಂಟೆಗಳಲ್ಲಿ ಮರಿ ಮಂಕಾಗುತ್ತದೆ, ಹೆಚ್ಚು ನಿದ್ದೆ ಮಾಡುತ್ತದೆ, ಊಟ ಕಡಿಮೆ ಮಾಡುತ್ತದೆ, ಮೈ ಸ್ವಲ್ಪ ಬಿಸಿಯಾಗುತ್ತದೆ. ಚುಚ್ಚಿದ ಜಾಗ ಮುಟ್ಟಿದರೆ ಕುಂಯ್ ಎನ್ನುತ್ತದೆ. ಲಸಿಕೆ ದೇಹಕ್ಕೆ ಒಂದು ಶತ್ರುವಿನ ಗುರುತು ತೋರಿಸಿದೆ, ದೇಹ ಕೆಲಸಕ್ಕೆ ಇಳಿದಿದೆ, ಅಷ್ಟೇ. ಒಂದೆರಡು ದಿನದಲ್ಲಿ ಇದು ಇಳಿಯುತ್ತದೆ. ಚುಚ್ಚಿದಲ್ಲಿ ಕಡಲೆಕಾಳಿನಷ್ಟು ಗಂಟು ಕಟ್ಟಿಕೊಂಡು ಕೆಲವು ವಾರ ಉಳಿಯುವುದೂ ಉಂಟು, ಅದರಲ್ಲೂ ರೇಬೀಸ್ ಲಸಿಕೆಯ ನಂತರ. ಆ ಲಸಿಕೆಯಲ್ಲಿರುವುದು ಸತ್ತ ವೈರಸ್. ದೇಹ ಅದನ್ನು ಚೆನ್ನಾಗಿ ಗಮನಿಸಲಿ ಎಂದು ಸಾಮಾನ್ಯವಾಗಿ ಅಲ್ಯೂಮಿನಿಯಂ ಲವಣ ಸೇರಿಸಿರುತ್ತಾರೆ. ಗಂಟು ತಾನಾಗಿ ಕರಗುತ್ತದೆ. ಒಂದು ತಿಂಗಳಾದ ಮೇಲೂ ಬೆಳೆಯುತ್ತಿದ್ದರೆ, ಅಥವಾ ಬಿಸಿಯಾಗಿ ಕೀವು ಕಂಡರೆ ಮಾತ್ರ ತೋರಿಸು.

ಮೈ ಬಿಸಿ ನೋಡುವಾಗ ನಮ್ಮ 98.6ರ ಲೆಕ್ಕವನ್ನು ನಾಯಿಗೆ ಹಿಡಿಯಬೇಡ. ಆರೋಗ್ಯವಾಗಿರುವ ನಾಯಿಯ ಮೈ ಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಕಿವಿ ಮುಟ್ಟಿ, ಮೂಗು ಒಣಗಿದೆಯೇ ಎಂದು ನೋಡಿ ಜ್ವರ ಹೇಳುವುದು ನಂಬುವ ಮಾತಲ್ಲ. ಒಂದು ಡಿಜಿಟಲ್ ಥರ್ಮಾಮೀಟರ್ ನಾಯಿಗೆಂದೇ ಬೇರೆ ಇಟ್ಟುಕೊ. ತುದಿಗೆ ಕೊಬ್ಬರಿ ಎಣ್ಣೆ ಸವರಿ, ಮರಿಯ ಎದೆಯನ್ನು ಒಬ್ಬರು ಮೆಲ್ಲಗೆ ಹಿಡಿದುಕೊಂಡಿರುವಾಗ ಗುದದ್ವಾರದಲ್ಲಿ ಸ್ವಲ್ಪವೇ ಒಳಗಿಟ್ಟು ಬೀಪ್ ಆಗುವವರೆಗೆ ಕಾಯಿ. 103 ದಾಟಿದರೆ ವೈದ್ಯರಿಗೆ ಫೋನ್ ಮಾಡು. 104 ಆದರೆ ಕರೆದುಕೊಂಡು ಹೊರಡು.

ಈ ಹಂತದಲ್ಲಿ ನಿನ್ನ ಕೈಲಿ ಆಗುವುದು ಉಪಚಾರ. ಅದನ್ನು ಕಡಿಮೆ ಎಂದು ತಿಳಿಯಬೇಡ. ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಊದಿದ ಜಾಗದ ಮೇಲೆ ಐದು-ಹತ್ತು ನಿಮಿಷ ಇಡು. ಉಜ್ಜಬೇಡ, ನೀವಬೇಡ. ಗಾಳಿ ಆಡುವ ಮೂಲೆಯಲ್ಲಿ ಮಲಗಲು ಬಿಡು. ನೀರು ಹತ್ತಿರವಿರಲಿ. ಉಪ್ಪು, ಒಗ್ಗರಣೆ ಇಲ್ಲದ ಗಂಜಿ, ಬೇಯಿಸಿ ಬಿಡಿಸಿದ ಕೋಳಿ, ಒಗ್ಗಿರುವ ಮರಿಯಾದರೆ ಒಂದಿಷ್ಟು ಮೊಸರನ್ನ, ಇದರಲ್ಲಿ ಯಾವುದಾದರೂ ಸ್ವಲ್ಪ ಸ್ವಲ್ಪ ಕೊಡು. ತಿನ್ನದಿದ್ದರೆ ಬಾಯಿ ತೆರೆದು ತುರುಕಬೇಡ. ಆದರೆ ಪುಟ್ಟ ಮರಿ ಅರ್ಧ ದಿನ ಏನನ್ನೂ ಮುಟ್ಟದಿದ್ದರೆ ವೈದ್ಯರಿಗೆ ತಿಳಿಸು, ಅವುಗಳ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಎರಡು ದಿನ ಸ್ನಾನ ಬೇಡ, ದೂರದ ಓಡಾಟ ಬೇಡ. ಪಕ್ಕದ ಮನೆ ಮಕ್ಕಳು ಎತ್ತಿ ಮುದ್ದಾಡುವುದೂ ಬೇಡ; ಭುಜದ ಬಳಿ ನೋವಿರುವ ಮರಿ ಹಲ್ಲು ತೋರಿಸಿದರೆ ಅದರ ತಪ್ಪಲ್ಲ.

ನಮ್ಮ ಅಡುಗೆಮನೆಯಲ್ಲಿ, ಔಷಧಿ ಡಬ್ಬಿಯಲ್ಲಿ ಇರುವುದೆಲ್ಲ ನಾಯಿಗೆ ಆಗಿಬರುವುದಿಲ್ಲ. ಅರಿಸಿನಕ್ಕೆ ಸುಣ್ಣ ಕಲಸಿ ಹಚ್ಚಿದರೆ ಸುಣ್ಣ ಚರ್ಮವನ್ನು ಸುಡುತ್ತದೆ. ನೆಕ್ಕಿದರೆ ಬಾಯಿಯೂ ಸುಡುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ ಇರುವ ನೋವಿನ ಮುಲಾಮು ಹಚ್ಚಿದರೂ ಅದು ಹೋಗಿ ಸೇರುವುದು ನಾಯಿಯ ಹೊಟ್ಟೆಗೇ. ಜ್ವರಕ್ಕೆ ಒಳ್ಳೆಯದೆಂದು ಬೆಳ್ಳುಳ್ಳಿ ಕಷಾಯ ಕುಡಿಸುವವರಿದ್ದಾರೆ. ಬೆಳ್ಳುಳ್ಳಿ, ಈರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಶಕ್ತಿ ಬರಲಿ ಎಂದು ಒಣದ್ರಾಕ್ಷಿ ನೆನೆಸಿ ಕೊಡುತ್ತಾರೆ, ಅದರಿಂದ ಮೂತ್ರಪಿಂಡ ಕೆಡಬಹುದು. ಇನ್ನು ಪ್ಯಾರಾಸಿಟಮಾಲ್, ಐಬುಪ್ರೊಫೇನ್. ನಮಗೆ ದಿನಬಳಕೆಯ ಮಾತ್ರೆಗಳು ಇವು. ಆದರೆ ಮೊದಲನೆಯದು ನಾಯಿಯ ಯಕೃತ್ತನ್ನೂ ರಕ್ತವನ್ನೂ, ಎರಡನೆಯದು ಜಠರವನ್ನೂ ಮೂತ್ರಪಿಂಡವನ್ನೂ ಹಾಳುಮಾಡಬಲ್ಲವು. ನಾಳೆ ತಾನಾಗಿ ಇಳಿಯುತ್ತಿದ್ದ ಜ್ವರಕ್ಕೆ ಇವತ್ತು ವಿಷ ಉಣಿಸಿದ ಹಾಗಾಗುತ್ತದೆ. ವೈದ್ಯರು ಮರಿಯ ತೂಕ ನೋಡಿ ಬರೆದುಕೊಡದ ಒಂದು ಮಾತ್ರೆಯೂ ಅದರ ಬಾಯಿಗೆ ಹೋಗಕೂಡದು.

ಎರಡನೆಯ ಬಗೆಯದು ಅಪರೂಪ. ಆದರೆ ಬಂದರೆ ನಿಮಿಷಗಳ ಲೆಕ್ಕ. ಲಸಿಕೆಯಲ್ಲಿರುವ ಯಾವುದೋ ಅಂಶಕ್ಕೆ ದೇಹ ಅತಿಯಾಗಿ ಪ್ರತಿಕ್ರಿಯಿಸುವ ಅಲರ್ಜಿ ಇದು. ಹೆಚ್ಚಾಗಿ ಮೊದಲ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಕಾಣಿಸಿಕೊಳ್ಳುತ್ತದೆ. ಕಣ್ಣಿನ ಸುತ್ತ, ತುಟಿ, ಮೂತಿ ಊದುವುದು, ಮೈಮೇಲೆ ದದ್ದು ಎದ್ದು ಕೂದಲು ಅಲ್ಲಲ್ಲಿ ಉಬ್ಬಿದಂತೆ ಕಾಣುವುದು, ಮೇಲಿಂದ ಮೇಲೆ ವಾಂತಿ, ಭೇದಿ, ಉಸಿರಾಟಕ್ಕೆ ಕಷ್ಟ, ಕಾಲು ಸೋತು ಕುಸಿಯುವುದು. ನಾಯಿಗಳಲ್ಲಿ ಈ ಆಘಾತ ಯಕೃತ್ತು ಮತ್ತು ಕರುಳಿಗೆ ಬಲವಾಗಿ ತಟ್ಟುವುದರಿಂದ ಎಷ್ಟೋ ಸಲ ಮೊದಲು ಕಾಣುವುದು ವಾಂತಿ-ಭೇದಿಯೇ. ಏನೋ ತಿಂದಿರಬೇಕು ಎಂದು ಮನೆಯವರು ಸುಮ್ಮನಿದ್ದುಬಿಡುತ್ತಾರೆ.

ಆಗ ನೀನು ನೋಡಬೇಕಾದ್ದು ಒಸಡು. ತುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡು. ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ತಡವಾದರೆ, ಅಥವಾ ಮೊದಲೇ ಬಿಳಚಿಕೊಂಡಿದ್ದರೆ ರಕ್ತದೊತ್ತಡ ಕುಸಿಯುತ್ತಿದೆ ಎಂದು ತಿಳಿ. ನಿನ್ನದು ನಾಟಿ ಮರಿ, ಒಸಡು ಕಪ್ಪಗಿರಬಹುದು. ಹಾಗಿದ್ದರೆ ಕೆಳರೆಪ್ಪೆಯನ್ನು ಸ್ವಲ್ಪ ಎಳೆದು ಒಳಗಿನ ಬಣ್ಣ ನೋಡು. ಮೈ ಚೆನ್ನಾಗಿರುವ ದಿನಗಳಲ್ಲೇ ಇದನ್ನು ನೋಡಿ ಅಭ್ಯಾಸ ಮಾಡಿಕೊ. ಸರಿಯಾದ ಬಣ್ಣ ಯಾವುದೆಂದು ಗೊತ್ತಿದ್ದವರಿಗಷ್ಟೇ ಕೆಟ್ಟ ಬಣ್ಣ ತಿಳಿಯುತ್ತದೆ.

ಒಂದು ಸಂಜೆ ತಾಯಿ ಮಗ ಇಬ್ಬರು ಪಗ್ ನಾಯಿಯೊಂದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಆಸ್ಪತ್ರೆಗೆ ಬಂದರು. ಮಧ್ಯಾಹ್ನ ಲಸಿಕೆ ಆಗಿತ್ತು. ಪಗ್ ಎಂದರೆ ಮುಖವೆಲ್ಲ ಸುಕ್ಕು, ಅದೇ ಅದರ ಚಂದ. ಈ ನಾಯಿಯ ಮುಖದಲ್ಲಿ ಒಂದು ಸುಕ್ಕೂ ಉಳಿದಿರಲಿಲ್ಲ. ಊತ ಎಲ್ಲವನ್ನೂ ತುಂಬಿ ನುಣ್ಣಗೆ ಮಾಡಿತ್ತು. ಗುಂಡಗೆ ಮುದ್ದಾಗಿ ಕಾಣುತ್ತಿದೆ ಎಂದು ಹುಡುಗ ಫೋಟೊ ಕೂಡ ತೆಗೆದಿದ್ದ. ತಾಯಿಯ ಕೈಯಲ್ಲಿ ಪುಟ್ಟ ಸೀಸೆ. ಕಾಲು ಗಂಟೆಗೊಮ್ಮೆ ನಾಲ್ಕು ಗುಳಿಗೆ ಹಾಕುತ್ತಿದ್ದರಂತೆ. ಒಸಡು ನೋಡಿದೆ, ಬಿಳಚಿತ್ತು. ಸೂಜಿ ಕೊಟ್ಟು, ಡ್ರಿಪ್ ಹಾಕಿ, ರಾತ್ರಿ ಬಹಳ ಹೊತ್ತು ಕಾದೆವು. ನಾಯಿ ಉಳಿಯಿತು. ಗುಳಿಗೆಗಳು ಅದಕ್ಕೆ ಏನೂ ಕೆಡುಕು ಮಾಡಿರಲಿಲ್ಲ. ಗುಳಿಗೆ ಕೊಡುತ್ತಾ ಮನೆಯಲ್ಲಿ ಕಳೆದ ಹೊತ್ತು ಮಾಡಿತ್ತು.

ಇಂಥದ್ದಕ್ಕೆ ಮದ್ದು ಅಡ್ರಿನಲಿನ್, ಡ್ರಿಪ್, ಆಮ್ಲಜನಕ, ಜೊತೆಗೆ ವೈದ್ಯರು ಕೊಡುವ ಅಲರ್ಜಿ ಸೂಜಿ. ಇದರಲ್ಲಿ ಯಾವುದೂ ಮನೆಯಲ್ಲಿ ಇರುವುದಿಲ್ಲ. ಮುಖ ಊದಿತು ಎಂದಾಕ್ಷಣ ಗಾಡಿ ತೆಗೆ. ದಾರಿಯಲ್ಲಿ ಫೋನ್ ಮಾಡಿದರೆ ಸಾಕು.

ಹೀಗೆ ಆಗುವುದು ಎಷ್ಟು ನಾಯಿಗಳಿಗೆ ಎಂದು ನೀನು ಕೇಳಿದ್ದೆ. ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಲಸಿಕೆ ಹಾಕಿದ ಮೂರು ದಿನಗಳೊಳಗೆ ಸಣ್ಣದೋ ದೊಡ್ಡದೋ ತೊಂದರೆ ದಾಖಲಾದದ್ದು 10,000 ನಾಯಿಗಳಲ್ಲಿ ಸುಮಾರು 38ಕ್ಕೆ. ಸಣ್ಣ ಗಾತ್ರದ ನಾಯಿಗಳಲ್ಲಿ ಇದು ಹೆಚ್ಚು. ಒಂದೇ ಭೇಟಿಯಲ್ಲಿ ಹಾಕಿದ ಲಸಿಕೆಗಳ ಸಂಖ್ಯೆ ಏರಿದಂತೆಯೂ ಹೆಚ್ಚು. ಹತ್ತು ಕಿಲೋ ಒಳಗಿನ ನಾಯಿಗೆ ಒಂದೊಂದು ಹೆಚ್ಚುವರಿ ಲಸಿಕೆಗೂ ಅಪಾಯ ಶೇ 27ರಷ್ಟು ಏರುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊ, ಕೊನೆಗೆ ಉಪಯೋಗಕ್ಕೆ ಬರುತ್ತದೆ.

ಈಗ ಗುಳಿಗೆಯ ವಿಚಾರ. ಹೋಮಿಯೋಪಥಿಯ ಬಗ್ಗೆ ನಾನು ಹಗುರವಾಗಿ ಮಾತನಾಡುವುದಿಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಆ ಔಷಧಿ ಕೊಡಲು ತೊಡಗಿದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳ ಕಪಾಟಿಗೆ ಆ ಸೀಸೆಗಳು ಬಂದವು. ನಿನ್ನ ಅಜ್ಜಿಗೂ ಅದರ ಮೇಲೆ ಭಕ್ತಿ. ಹಿರಿಯರ ನಂಬಿಕೆಯನ್ನು ಗೇಲಿ ಮಾಡಿ ನೀನು ಗಳಿಸುವುದು ಏನೂ ಇಲ್ಲ. ಆದರೆ ಗೊತ್ತಿರುವುದನ್ನು ಗೊತ್ತಿಲ್ಲದ ಹಾಗೆ ಇರಬೇಕಾಗಿಯೂ ಇಲ್ಲ.

ಲಸಿಕೆಯ ತೊಂದರೆಗೆ ಥೂಜಾ ಎನ್ನುವ ಮಾತು ಬಂದದ್ದು ಎಲ್ಲಿಂದ ಗೊತ್ತೇ? 1884ರಲ್ಲಿ ಇಂಗ್ಲೆಂಡಿನ ಹೋಮಿಯೋಪಥಿ ವೈದ್ಯ ಜೇಮ್ಸ್ ಕಾಂಪ್ಟನ್ ಬರ್ನೆಟ್ ಬರೆದ ಪುಸ್ತಕದಿಂದ. ಆತ ‘ವ್ಯಾಕ್ಸಿನೋಸಿಸ್’ ಎಂದು ಕರೆದದ್ದು ಮನುಷ್ಯರಿಗೆ ಹಾಕುತ್ತಿದ್ದ ಸಿಡುಬಿನ ಲಸಿಕೆಯ ನಂತರದ ತೊಂದರೆಗಳನ್ನು. ಪಾಶ್ಚರ್ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ರೇಬೀಸ್ ಲಸಿಕೆ ಹಾಕಿದ್ದು ಅದರ ಮರುವರ್ಷ. ನಾಯಿಗಳ ಪಾರ್ವೊ ರೋಗ ಜಗತ್ತಿಗೆ ಗೊತ್ತಾದದ್ದೇ 1978ರ ಸುಮಾರಿಗೆ. ಅಂದರೆ ನಿನ್ನ ಮರಿಗೆ ಹಾಕಿದ ಒಂದು ಲಸಿಕೆಯನ್ನೂ ಆ ಪುಸ್ತಕ ಬರೆದವನು ಕಂಡಿರಲಿಲ್ಲ.

ಸೀಸೆಯ ಮೇಲಿನ 30, 200 ಎಂಬ ಅಂಕಿಗಳನ್ನೂ ಓದಲು ಕಲಿ. ಮೂಲ ಔಷಧದ ಒಂದು ಹನಿಗೆ 99 ಹನಿ ಮದ್ಯಸಾರ ಬೆರೆಸಿ ಕುಲುಕುತ್ತಾರೆ. ಅದರಿಂದ ಒಂದು ಹನಿ ತೆಗೆದು ಮತ್ತೆ 99ಕ್ಕೆ. ಹೀಗೆ 30 ಸಲ ಮಾಡಿದರೆ 30. ಹನ್ನೆರಡನೆಯ ಸಲದ ಹೊತ್ತಿಗೇ ಮೂಲ ವಸ್ತುವಿನ ಒಂದು ಅಣುವಾದರೂ ಉಳಿದಿರುವ ಸಂಭವ ಮುಗಿಯುತ್ತಾ ಬಂದಿರುತ್ತದೆ. ಉಳಿಯುವುದು ಸಕ್ಕರೆ ಗುಳಿಗೆ. ಆಸ್ಟ್ರೇಲಿಯಾದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಮಂಡಳಿ ಲಭ್ಯವಿದ್ದ ಅಧ್ಯಯನಗಳನ್ನೆಲ್ಲ ನೋಡಿ, ಹೋಮಿಯೋಪಥಿ ಗುಣಪಡಿಸುತ್ತದೆ ಎನ್ನಲು ನಂಬುವಂಥ ಪುರಾವೆಯಿರುವ ಒಂದು ಕಾಯಿಲೆಯೂ ಇಲ್ಲ ಎಂದು 2015ರಲ್ಲಿ ಹೇಳಿತು. ಹಾಗಾದರೆ ‘ನಮ್ಮ ನಾಯಿಗೆ ಗುಣವಾಯಿತಲ್ಲ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. ಒಂದೆರಡು ದಿನದಲ್ಲಿ ತಾನಾಗಿ ಇಳಿಯುವ ಜ್ವರಕ್ಕೆ ಮೊದಲ ದಿನ ಏನೇ ಕೊಟ್ಟರೂ ಮರುದಿನ ಅದು ಮದ್ದಾಗಿಬಿಡುತ್ತದೆ. ಥೂಜಾ ಕೊಟ್ಟವರು ಥೂಜಾ ಎನ್ನುತ್ತಾರೆ, ತುಳಸಿ ಕೊಟ್ಟವರು ತುಳಸಿ ಎನ್ನುತ್ತಾರೆ. ಏನೂ ಕೊಡದೆ ಸುಮ್ಮನಿದ್ದವರ ಮರಿಯೂ ಅದೇ ಹೊತ್ತಿಗೆ ಎದ್ದು ಚಪ್ಪಲಿ ಕಚ್ಚುತ್ತಿರುತ್ತದೆ, ಅವರಿಗೆ ಹೇಳಿಕೊಳ್ಳಲು ಹೆಸರಿಲ್ಲ ಅಷ್ಟೇ.

ಮರಿ ಚೆನ್ನಾಗಿ ಉಸಿರಾಡುತ್ತಿದೆ, ಒಸಡು ಗುಲಾಬಿಯಾಗಿದೆ, ಬರೀ ಮಂಕಾಗಿದೆ. ಅಜ್ಜಿ ಎರಡು ಗುಳಿಗೆ ಕೊಡುತ್ತೇನೆ ಎಂದು ಹಟ ಹಿಡಿದರೆ ಜಗಳ ಬೇಡ. ಎರಡು ವಿಷಯದಲ್ಲಿ ಮಾತ್ರ ಬಿಗಿಯಾಗಿರು. ಮದರ್ ಟಿಂಚರ್ ಎಂಬ ದ್ರವ ಬೇಡವೇ ಬೇಡ. ಅದರಲ್ಲಿ ಮದ್ಯಸಾರವಿರುತ್ತದೆ. ಅದು ತೆಳುಗೊಳಿಸಿದ್ದಲ್ಲವಾದ್ದರಿಂದ ಥೂಜಾ ಗಿಡದ ಥೂಜೋನ್ ಎಂಬ, ಫಿಟ್ಸ್ ತರಿಸಬಲ್ಲ ವಸ್ತುವೂ ಇರುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯ. ಪಾರ್ವೊ ಬಾರದ ಹಾಗೆ ನೋಸೋಡ್ ಎಂಬ ಗುಳಿಗೆ, ರೇಬೀಸ್ ಬಾರದ ಹಾಗೆ ಹುಚ್ಚುನಾಯಿಯ ಜೊಲ್ಲಿನಿಂದ ತಯಾರಿಸಿ ತೆಳುಗೊಳಿಸಿದ ಲಿಸ್ಸಿನ್ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸು. ತೊಂದರೆಯ ನಂತರ ಸಕ್ಕರೆ ಕೊಡುವುದು ಬೇರೆ, ಲಸಿಕೆಯ ಜಾಗದಲ್ಲಿ ಸಕ್ಕರೆ ಕೊಡುವುದು ಬೇರೆ.

ಲಸಿಕೆಯ ತಲೆಗೆ ಕಟ್ಟುವ ಇನ್ನೆರಡು ಅಪವಾದಗಳಿವೆ. ಸೂಜಿ ಹಾಕಿಸಿದ ನಾಲ್ಕಾರು ದಿನಕ್ಕೆ ಮರಿಗೆ ರಕ್ತಭೇದಿ ಆದರೆ, ಆ ಸೂಜಿಯಿಂದಲೇ ಪಾರ್ವೊ ಬಂತು ಎನ್ನುತ್ತಾರೆ. ಪಾರ್ವೊ ವೈರಸ್ ಹೊಕ್ಕ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಲಸಿಕೆ ಕೆಲಸ ಮಾಡಲೂ ಹೆಚ್ಚುಕಡಿಮೆ ಅಷ್ಟೇ ದಿನ ಬೇಕು. ಮರಿ ಅದನ್ನು ಮೊದಲೇ ಅಂಟಿಸಿಕೊಂಡಿರುತ್ತದೆ. ಇನ್ನೊಂದು, ಎರಡು-ಮೂರು ವಾರ ಕಳೆದ ಮೇಲೆ ನಾಯಿ ಸೊರಗಿ, ಒಸಡು ಬಿಳಚಿ, ಮೂತ್ರ ಕಂದಾಗುವುದು. ಲಸಿಕೆಯ ನಂತರ ದೇಹ ತನ್ನದೇ ರಕ್ತಕಣಗಳ ಮೇಲೆ ತಿರುಗಿ ಬೀಳುವುದು ಇಲ್ಲವೆಂದಲ್ಲ, ಆದರೆ ಬಹಳ ವಿರಳ. ನಮ್ಮ ಊರುಗಳಲ್ಲಿ ಮೊದಲು ಅನುಮಾನಿಸಬೇಕಾದ್ದು ಉಣ್ಣಿ ಜ್ವರವನ್ನು. ಕಿವಿಯೊಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣಿ ಇವೆಯೇ ನೋಡು, ರಕ್ತ ಪರೀಕ್ಷೆ ಮಾಡಿಸು. ಥೂಜಾ ಕೊಡುತ್ತಾ ಕೂತರೆ ಪ್ಲೇಟ್‌ಲೆಟ್ ಇಳಿಯುತ್ತಲೇ ಇರುತ್ತದೆ.

ಒಂದು ಸಲ ತೊಂದರೆಯಾಯಿತೆಂದು ಮುಂದಿನ ಡೋಸ್ ಬಿಡುವವರೇ ಹೆಚ್ಚು. ಅದು ಏಕೆ ಬೇಕು ಎಂದು ತಿಳಿದಿರಲಿ. ಹುಟ್ಟಿದ ಮರಿಗೆ ತಾಯಿಯ ಗಿಣ್ಣುಹಾಲಿನಿಂದ ರೋಗ ತಡೆಯುವ ಶಕ್ತಿ ಬಂದಿರುತ್ತದೆ. ಆ ಶಕ್ತಿ ಇರುವವರೆಗೆ ಅದು ಲಸಿಕೆಯನ್ನೂ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವ ವಾರ ಇಳಿಯುತ್ತದೆ ಎನ್ನುವುದು ಮರಿಯಿಂದ ಮರಿಗೆ ಬೇರೆ. ಅದಕ್ಕೇ 6-8 ವಾರಕ್ಕೆ ಶುರುಮಾಡಿ, 2ರಿಂದ 4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಹಾಕುವುದು. ಮಧ್ಯದಲ್ಲಿ ಬಿಟ್ಟರೆ ಮರಿ ಅತ್ತ ತಾಯಿಯ ರಕ್ಷಣೆಯೂ ಇಲ್ಲದೆ ಇತ್ತ ಲಸಿಕೆಯದೂ ಇಲ್ಲದೆ ಬೀದಿಗಿಳಿಯುತ್ತದೆ. ರೇಬೀಸ್ ಅಂತೂ ನಾಯಿಯೊಂದರ ಪಾಡಲ್ಲ, ಮನೆಯವರೆಲ್ಲರ ಪಾಡು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಅದರಿಂದ ಸಾಯುತ್ತಾರೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಹೇಳುತ್ತಿರುವ ಅಂದಾಜು. ಮನುಷ್ಯರಿಗೆ ಅದು ತಗಲುವುದು ಹೆಚ್ಚುಕಡಿಮೆ ಯಾವಾಗಲೂ ನಾಯಿಯಿಂದ. ಲಕ್ಷಣ ಕಾಣಿಸಿಕೊಂಡ ಮೇಲೆ ಯಾವ ಪಥಿಯಲ್ಲೂ ಮದ್ದಿಲ್ಲ.

ಹಾಗೆಂದು ಆದ ತೊಂದರೆಯನ್ನು ವೈದ್ಯರಿಂದ ಮುಚ್ಚಿಡಬೇಡ. ಲಸಿಕೆಯ ಕಾರ್ಡಿನಲ್ಲಿ ಸೀಸೆಯ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅದರಲ್ಲಿ ಲಸಿಕೆಯ ಹೆಸರು, ಬ್ಯಾಚ್ ನಂಬರ್ ಇರುತ್ತದೆ. ಅದರ ಪಕ್ಕದಲ್ಲೇ ಎಷ್ಟು ಗಂಟೆಗೆ ಏನು ಕಂಡಿತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆ. ಬರೀ ಮಂಕಾಗಿ ಜ್ವರ ಬಂದಿದ್ದರೆ ಮುಂದಿನ ಡೋಸಿಗೆ ಅಡ್ಡಿಯಿಲ್ಲ. ಮುಖ ಊದಿದ್ದರೆ, ಕುಸಿದಿದ್ದರೆ ಮುಂದಿನದನ್ನು ಹೇಗೆ ಹಾಕಬೇಕೆಂದು ವೈದ್ಯರೇ ಯೋಚಿಸಬೇಕು. ಬೇರೆ ತಯಾರಿಕೆಯ ಲಸಿಕೆ ಆರಿಸಬಹುದು, ಮೊದಲೇ ಅಲರ್ಜಿ ಸೂಜಿ ಕೊಡಬಹುದು, ಆಸ್ಪತ್ರೆಯಲ್ಲೇ ಕೆಲವು ಗಂಟೆ ಇರಿಸಿಕೊಳ್ಳಬಹುದು. ಶೇ 27ರ ಲೆಕ್ಕ ಹೇಳಿದೆನಲ್ಲ, ಅದಕ್ಕೇ ರೇಬೀಸ್ ಲಸಿಕೆಯನ್ನು ಮಿಕ್ಕವುಗಳ ಜೊತೆ ಒಂದೇ ದಿನ ಹಾಕದೆ ಎರಡು-ಮೂರು ವಾರ ಬಿಟ್ಟು ಹಾಕಬಹುದೇ ಎಂದು ನೀನೇ ಕೇಳು. ಮರಿ ದೊಡ್ಡದಾಗಿ ಮೊದಲ ಬೂಸ್ಟರ್ ಮುಗಿದ ಮೇಲೆ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್ ಲಸಿಕೆಗಳನ್ನು ಮೂರು ವರ್ಷಕ್ಕೊಮ್ಮೆಗಿಂತ ಹೆಚ್ಚು ಬಾರಿ ಹಾಕಬೇಕಿಲ್ಲ ಎಂದು ಜಾಗತಿಕ ಪಶುವೈದ್ಯ ಮಾರ್ಗಸೂಚಿಯೇ ಹೇಳುತ್ತದೆ. ರಕ್ತದಲ್ಲಿ ರಕ್ಷಣೆ ಉಳಿದಿದೆಯೇ ಎಂದು ನೋಡುವ ಟೈಟರ್ ಪರೀಕ್ಷೆಯೂ ಇದೆ. ಇಲಿಜ್ವರದ ಲಸಿಕೆ ಮಾತ್ರ ವರ್ಷ ವರ್ಷ ಬೇಕು. ರೇಬೀಸಿನದು ಲಸಿಕೆಯ ಲೇಬಲ್ ಮತ್ತು ನಿಮ್ಮ ಊರಿನ ನಿಯಮ ಹೇಳಿದ ಹಾಗೆ. ಕಡಿಮೆ ಲಸಿಕೆ ಸಾಕು ಎನ್ನುವವರಿಗೆ ಇದೆಲ್ಲ ನೇರವಾದ ದಾರಿ. ಗುಳಿಗೆಯ ಸುತ್ತುದಾರಿ ಹಿಡಿಯಬೇಕಿಲ್ಲ.

ಮುಂದಿನ ಸಲ ಬೆಳಿಗ್ಗೆಯೇ ಹೋಗು. ಸಂಜೆ ಹಾಕಿಸಿದರೆ ತೊಂದರೆ ಕಾಣುವ ಹೊತ್ತಿಗೆ ಆಸ್ಪತ್ರೆ ಬಾಗಿಲು ಹಾಕಿರುತ್ತದೆ. ಹಬ್ಬದ ಹಿಂದಿನ ದಿನ, ನೀನು ಊರಿಗೆ ಹೊರಡುವ ದಿನ ಬೇಡ. ಜಂತುಹುಳುವಿನ ಔಷಧಿ ಮೊದಲೇ ಆಗಿರಲಿ, ಭೇದಿಯೋ ಜ್ವರವೋ ಇದ್ದರೆ ಮುಂದೂಡು. ಸೂಜಿ ಆದ ಮೇಲೆ ಅರ್ಧ ಗಂಟೆ ಅಲ್ಲಿಯೇ ಬೆಂಚಿನ ಮೇಲೆ ಕೂತಿರು. ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದೆಂದು ವಿಚಾರಿಸಿ ಅದರ ನಂಬರನ್ನು ಫೋನಿನಲ್ಲಿ ಉಳಿಸಿಕೊ. ಮನೆಗೆ ಬಂದ ಮೇಲೆ ಯಾರು ಯಾವ ಮದ್ದು ಹೇಳಿದರೂ ಹೂಂ ಅನ್ನು, ಒಸಡು ನೋಡು, ಥರ್ಮಾಮೀಟರ್ ನೋಡು. ಎರಡೂ ಸರಿ ಇದ್ದರೆ ನೀನೂ ಮಲಗು. ಯಾವುದೊಂದು ಸರಿ ಇಲ್ಲದಿದ್ದರೂ ನನಗೆ ಫೋನ್ ಮಾಡುವುದನ್ನೂ ಆಮೇಲೆ ಇಟ್ಟುಕೊ, ಮೊದಲು ಆಸ್ಪತ್ರೆಗೆ ಹೊರಡು.

ಇಂತಿ ನಿನ್ನ ದೊಡ್ಡಪ್ಪ